ಹಗಲು ಟೂಲ್ ರೂಮು, ಸಂಜೆ ಕಾಲೇಜು

ಕೇಳುಗರೆ, ನಮಸ್ಕಾರ.

2006ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ತಿಪಟೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಬೆಂಗಳೂರಿಗೆ ಬಂದೆ. ರಾಜಾಜಿನಗರದ ಜಿಟಿಟಿಸಿಯಲ್ಲಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ, ಸೀಟು ಸಿಕ್ಕಿತ್ತು. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಶುರುವಾದ ಸಂಸ್ಥೆ ಅದು. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ: ಮೂರು ವರ್ಷ ಅಲ್ಲೇ ಕಲಿಕೆ, ನಾಲ್ಕನೆಯ ವರ್ಷ ಕಾರ್ಖಾನೆಯಲ್ಲಿ.

ಡಿಸೈನ್ ಕಲಿಯಬೇಕೆಂದು ಬಂದವಳಿಗೆ ಮೊದಲು ಸಿಕ್ಕಿದ್ದು ಲೋಹ ಉಜ್ಜುವ ಒಂದು ಅರ ಮತ್ತು ಅಂಗೈ ಅಗಲದ ಒಂದು ಕಬ್ಬಿಣದ ತುಂಡು. ಅದನ್ನು ಬೆಂಚ್ ವೈಸಿಗೆ ಕಚ್ಚಿಸಿ ಸಮತಟ್ಟಾಗಿ ಉಜ್ಜಬೇಕು. ಹೊಸಬರು ಉಜ್ಜುವಾಗ ಅರ ತೊಟ್ಟಿಲಿನಂತೆ ತೂಗುತ್ತದೆ. ಅಂಚುಗಳು ಸವೆದು ನಡು ಉಬ್ಬಿಕೊಳ್ಳುತ್ತದೆ. ಮೇಷ್ಟ್ರು ಬಂದು ಆ ತುಂಡಿನ ಮೇಲೆ ಮೂಲೆಮಟ್ಟ ಇಟ್ಟು ಕಿಟಕಿಯ ಕಡೆ ಎತ್ತಿ ಹಿಡಿಯುತ್ತಿದ್ದರು. ಎರಡರ ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಸಾಕು, ಮಾತಿಲ್ಲದೆ ವಾಪಸ್ ಕೊಡುತ್ತಿದ್ದರು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದವು. ಬೆಳಕು ಪೂರ್ತಿ ಮುಚ್ಚಿಹೋದ ದಿನ ಆ ತುಂಡನ್ನು ಹಾಸ್ಟೆಲಿಗೆ ಒಯ್ದು ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗಿದ್ದೆ.

ಟೂಲ್ ಅಂದರೇನು ಅನ್ನುವುದನ್ನು ಹೇಳಿಬಿಡುತ್ತೇನೆ. ಲಟ್ಟಿಸಿದ ಹಿಟ್ಟಿನ ಮೇಲೆ ಡಬ್ಬಿಯ ಮುಚ್ಚಳ ಒತ್ತಿ ಗುಂಡಗೆ ಪೂರಿ ಕತ್ತರಿಸುವುದನ್ನು ನೋಡಿರುತ್ತೀರಿ. ಪ್ರೆಸ್ ಅನ್ನುವ ಒತ್ತುಯಂತ್ರಕ್ಕೆ ಕೂರಿಸಿ ಉಕ್ಕಿನ ತಗಡನ್ನು ಹಾಗೆಯೇ ಕತ್ತರಿಸುವ ಸಾಧನ ಪ್ರೆಸ್ ಟೂಲ್. ಮೇಲಿನಿಂದ ಇಳಿಯುವುದು ಪಂಚ್, ಕೆಳಗೆ ಬಾಯಿ ತೆರೆದು ಕೂತಿರುವುದು ಡೈ. ಪಂಚು ಡೈಯ ಬಾಯಿಗಿಂತ ಒಂದಿಷ್ಟು ಸಣ್ಣದಿರಬೇಕು. ಆ ಸಂದಿಗೆ ಕ್ಲಿಯರೆನ್ಸ್ ಅನ್ನುತ್ತಾರೆ. ಮೆದು ಉಕ್ಕಿನ 2 ಮಿಲಿಮೀಟರ್ ತಗಡಾದರೆ, ಸಾಮಾನ್ಯ ಲೆಕ್ಕದಲ್ಲಿ ಒಂದೊಂದು ಬದಿಗೆ ದಪ್ಪದ ನೂರಕ್ಕೆ ಐದು, ಅಂದರೆ 0.1 ಮಿಲಿಮೀಟರ್. ನಾನೀಗ ಓದುತ್ತಿರುವ ಈ ಕಾಗದದ ದಪ್ಪ ಹೆಚ್ಚುಕಡಿಮೆ ಅಷ್ಟೇ. ಸಂದಿ ಹೆಚ್ಚಾದರೆ ತುಂಡಿನ ಅಂಚಿನಲ್ಲಿ ಬರ್, ಅಂದರೆ ಚೂಪಾದ ಸಿವುರು, ಏಳುತ್ತದೆ, ಉಗುರಿಗೆ ಗರಗರ ಸಿಗುತ್ತದೆ. ಕಡಿಮೆಯಾದರೆ ಟೂಲ್ ಬೇಗ ಸವೆಯುತ್ತದೆ. ಪುಸ್ತಕದಲ್ಲಿ ಇದು ಒಂದು ಸಾಲು. ಬರ್ ಬೆರಳು ಕುಯ್ದ ಮೇಲೆ ಆ ಸಾಲನ್ನು ನಾನು ಮರೆತಿಲ್ಲ.

ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಟೂಲ್ ರೂಮಿನಲ್ಲಿ, ಅಂದರೆ ಇಂಥ ಟೂಲುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ, ಕೆಲಸಕ್ಕೆ ಸೇರಿದೆ. ಮೇಲಿನ ಮಹಡಿಯಲ್ಲಿ ಡಿಸೈನ್ ವಿಭಾಗ, ಕೆಳಗೆ ಯಂತ್ರಗಳು. ನಾನು ಸ್ವತಂತ್ರವಾಗಿ ಮಾಡಿದ ಮೊದಲ ಡಿಸೈನಿನಲ್ಲಿ ಡೈಯ ಒಂದು ಇನ್ಸರ್ಟನ್ನು, ಅಂದರೆ ಸವೆದರೆ ಬದಲಿಸಬಹುದಾದ ತುಂಡನ್ನು, ಎಂ8 ಅಲೆನ್ ಬೋಲ್ಟಿನಿಂದ ಕೂರಿಸಿದ್ದೆ, ಬೋಲ್ಟನ್ನು ಕೆಳಗಿನಿಂದ ಕೊಟ್ಟಿದ್ದೆ. ಕಂಪ್ಯೂಟರಿನಲ್ಲಿ ನೋಡಲು ಅಚ್ಚುಕಟ್ಟಾಗಿತ್ತು. ಟ್ರಯಲ್ ಕೂಡ ಚೆನ್ನಾಗಿ ಬಂತು. ಎರಡು ತಿಂಗಳಿಗೆ ಆ ಇನ್ಸರ್ಟಿನ ಮೂಲೆ ಚಕ್ಕೆ ಎದ್ದಿತು. ಬೋಲ್ಟ್ ಮೇಲಿನಿಂದ ಇದ್ದಿದ್ದರೆ, 6 ಮಿಲಿಮೀಟರ್ ಕೀ ಹಾಕಿ ಪ್ರೆಸ್ಸಿನ ಮೇಲೆಯೇ ಬಿಚ್ಚಿ ಹೊಸದನ್ನು ಕೂರಿಸಬಹುದಿತ್ತು. ಈಗ ಇಡೀ ಟೂಲನ್ನು ಪ್ರೆಸ್ಸಿನಿಂದ ಇಳಿಸಿ, ಬೆಂಚಿಗೆ ತಂದು, ಮಗುಚಬೇಕು.

ಫಿಟ್ಟರ್ ಹಿರಿಯರು, ನಿವೃತ್ತಿಗೆ ನಾಲ್ಕಾರು ವರ್ಷ ಇದ್ದವರು, ನನ್ನನ್ನು ಕೆಳಗೆ ಕರೆಸಿದರು. ಬೈಯಲಿಲ್ಲ. "ಬಾಮ್ಮ, ನಿನ್ನ ಟೂಲು ನೀನೇ ಬಿಚ್ಚು" ಅಂದರು. ಚೈನ್ ಬ್ಲಾಕಿನಲ್ಲಿ ಇಳಿಸಿ, ಮಗುಚಿ, ಬಿಚ್ಚಿ, ಮತ್ತೆ ಜೋಡಿಸುವ ಹೊತ್ತಿಗೆ ಮಧ್ಯಾಹ್ನ ಕಳೆದು ಸಂಜೆಯಾಗಿತ್ತು. ಇನ್ಸರ್ಟ್ ಬದಲಿಸುವ ಕೆಲಸ ಅದರಲ್ಲಿ ಐದೇ ನಿಮಿಷ. ಮಿಕ್ಕಷ್ಟು ಹೊತ್ತು ಆ ಪ್ರೆಸ್ ಖಾಲಿ ನಿಂತಿತ್ತು. ಅದರ ಆಪರೇಟರ್ ಕೈಕಟ್ಟಿ ಕೂತಿದ್ದರು. ಅವರ ಮುಖ ನನಗಿನ್ನೂ ನೆನಪಿದೆ.

ಇಂಜಿನಿಯರಿಂಗ್ ಪದವಿ ಮಾಡಬೇಕು ಅನ್ನಿಸಿದ್ದು ಆ ದಿನಗಳಲ್ಲೇ. ಕೆಲಸ ಬಿಡುವ ಹಾಗಿರಲಿಲ್ಲ, ಮನೆಗೆ ದುಡ್ಡು ಕಳಿಸಬೇಕಿತ್ತು. ಡಿಪ್ಲೊಮಾ ಆದವರಿಗಾಗಿ ಸಂಜೆ ಬಿ.ಇ. ನಡೆಸುವ ಕಾಲೇಜೊಂದಕ್ಕೆ 2011ರಲ್ಲಿ ಸೇರಿದೆ. ಐದು ಗಂಟೆಗೆ ಶಿಫ್ಟ್ ಮುಗಿಸಿ, ಎಣ್ಣೆಯ ಕೈ ತೊಳೆದು, ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಬಸ್ಸಿನಲ್ಲಿ ನಿಂತು ಹೋಗುತ್ತಿದ್ದೆ. ಮೊದಲ ಪೀರಿಯಡ್ ಎಷ್ಟು ಸಲ ತಪ್ಪಿತೋ. 2014ರ ಮಾರ್ಚ್‌ನಲ್ಲಿ ಪೀಣ್ಯಕ್ಕೆ ಮೆಟ್ರೊ ಬಂದ ಮೇಲೆ ಆ ಪೀರಿಯಡ್ ಸಿಗತೊಡಗಿತು.

ಬ್ರಿಟನ್ನಿನಲ್ಲಿ 2015ರಿಂದ ಡಿಗ್ರಿ ಅಪ್ರೆಂಟಿಸ್‌ಶಿಪ್ ಎಂಬ ವ್ಯವಸ್ಥೆ ಇದೆ. ಅಪ್ರೆಂಟಿಸ್‌ಗೆ ಕಂಪನಿ ಸಂಬಳ ಕೊಡುತ್ತದೆ. ವಿಶ್ವವಿದ್ಯಾಲಯದ ಶುಲ್ಕ ಅವರ ಮೈಮೇಲೆ ಬೀಳುವುದಿಲ್ಲ. ಓದಿನ ಸಮಯವೂ ಕೆಲಸದ ಸಮಯದೊಳಗೇ ಸೇರಿರುತ್ತದೆ. ಇದನ್ನು ಮೊದಲ ಸಲ ತಿಳಿದಾಗ ನನಗೆ ಹೊಟ್ಟೆಯೊಳಗೆ ಏನೋ ಸಂಕಟವಾಯಿತು. ನಾನು ಮಾಡಿದ್ದೂ ಅದೇ, ಶುಲ್ಕವನ್ನು ಸಂಬಳದಿಂದಲೂ ಸಮಯವನ್ನು ನಿದ್ದೆಯಿಂದಲೂ ಕಟ್ಟಿದ್ದೆ. ನಮ್ಮಲ್ಲಿ 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಪದವಿಯೊಳಗೇ ಅಪ್ರೆಂಟಿಸ್ ತರಬೇತಿ ಸೇರಿಸಲು ಯುಜಿಸಿ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ದಾರಿ ತೆರೆದಿದೆ ಅನ್ನೋಣ. ಆದರೆ ನನ್ನ ಜೊತೆ ಓದಿದವಳೊಬ್ಬಳನ್ನು ತರಬೇತಿಯ ಹೆಸರಿನಲ್ಲಿ ಒಂದು ಕಂಪನಿ ಎಂಟು ತಿಂಗಳು ಬರ್ ತೆಗೆಯಲು ಕೂರಿಸಿತ್ತು. ಡ್ರಾಯಿಂಗಿನ ಹತ್ತಿರಕ್ಕೂ ಬಿಡಲಿಲ್ಲ. ಮಕ್ಕಳನ್ನು ಅಪ್ರೆಂಟಿಸ್ ಆಗಿ ಕಳಿಸುವ ತಂದೆತಾಯಂದಿರಲ್ಲಿ ನನ್ನದೊಂದು ಬಿನ್ನಹ: ಸಹಿ ಹಾಕುವ ಮುಂಚೆ, ಯಾವ ವಿಭಾಗದಲ್ಲಿ ಎಷ್ಟು ವಾರ, ಕಲಿಸುವವರು ಯಾರು ಎಂದು ಕೇಳಿ, ಬರೆಸಿಕೊಳ್ಳಿ.

ಇಷ್ಟು ಕಷ್ಟಪಟ್ಟು ಎರಡನ್ನೂ ಒಟ್ಟಿಗೆ ಯಾಕೆ ಮಾಡಬೇಕು, ಮೊದಲು ಓದಿ ಆಮೇಲೆ ಕೆಲಸಕ್ಕೆ ಹೋಗಬಾರದೇ ಅಂತ ಹಲವರು ಕೇಳುತ್ತಾರೆ. ನನ್ನ ಅನುಭವದಲ್ಲಿ ಪ್ರಶ್ನೆ ಮೊದಲು ಕೈಗೆ ಸಿಗಬೇಕು. ಉತ್ತರ ಆಗ ಮನಸ್ಸಿಗೆ ಅಂಟುತ್ತದೆ.

ನಮ್ಮ ಟೂಲ್ ರೂಮಿನಲ್ಲಿ ಸಣ್ಣ ತೂತು ಹೊಡೆಯುವ ಪಂಚುಗಳು ಪದೇ ಪದೇ ಬಾಗಿ ಮುರಿಯುತ್ತಿದ್ದವು. ಫಿಟ್ಟರ್ ಹಿರಿಯರು "ಸಣಕಲು ಪಂಚು ಉದ್ದ ಇರಬಾರದು" ಅನ್ನುತ್ತಿದ್ದರು. ಯಾಕೆ ಅಂತ ಕೇಳಿದರೆ, "ಇರಬಾರದು ಅಷ್ಟೆ." ಒಂದು ರಾತ್ರಿ ಎಂಟೂವರೆಯ ಕ್ಲಾಸಿನಲ್ಲಿ, ಕಣ್ಣು ಎಳೆಯುತ್ತಿರುವಾಗ, ಮೇಷ್ಟ್ರು ಗಣಿತಜ್ಞ ಆಯ್ಲರನ ಸೂತ್ರ ಬರೆದರು. ತೆಳುವಾದ ಕಂಬ ಬಾಗದೆ ಎಷ್ಟು ಭಾರ ತಾಳುತ್ತದೆ ಅನ್ನುವ ಲೆಕ್ಕ. ಕಂಬದ ಉದ್ದ ಇಮ್ಮಡಿಯಾದರೆ ಅದು ತಾಳುವ ಭಾರ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನನ್ನ ನಿದ್ದೆ ಹಾರಿಹೋಯಿತು. ಅವರು ಕಂಬ ಅನ್ನುತ್ತಿದ್ದರು, ನನಗೆ ಬೋರ್ಡಿನ ಮೇಲೆ ನಮ್ಮ ಪಂಚು ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ನೋಟ್‌ಬುಕ್ ಹಿಡಿದು ನೇರ ಕೆಳಗೆ ಹೋದೆ. ಹಿರಿಯರು ಕನ್ನಡಕ ಏರಿಸಿಕೊಂಡು ಸೂತ್ರವನ್ನು ಬಹಳ ಹೊತ್ತು ನೋಡಿದರು.

"ಈ ಎಲ್ ಅಂದ್ರೆ ಪಂಚಿನ ಉದ್ದವೇನಮ್ಮ?"

"ಹೌದು ಸಾರ್."

ಬೆಂಚಿನ ಡ್ರಾಯರ್ ಎಳೆದು, ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದ ಮೂರು ಮುರಿದ ಪಂಚುಗಳನ್ನು ತೆಗೆದು ನನ್ನ ನೋಟ್‌ಬುಕ್ಕಿನ ಮೇಲೆ ಸಾಲಾಗಿ ಜೋಡಿಸಿದರು. ಎಷ್ಟು ವರ್ಷದಿಂದ ಇಟ್ಟುಕೊಂಡಿದ್ದರೋ.

"ಹಂಗಾದ್ರೆ ಇವಕ್ಕೂ ಲೆಕ್ಕ ಹಾಕು, ನೋಡಾಣ" ಅಂದರು.

ನಮಸ್ಕಾರ.