ಚಿನ್ನದ ವೇಷ ಹಾಕಿದ ಹಿತ್ತಾಳೆ ಬಿಲ್ಲೆಗಳು

(ತೆರೆಯ ಮೇಲೆ: ಅಂಗೈಯಲ್ಲಿ ಹಳದಿ ನಾಣ್ಯ)

ನಮಸ್ಕಾರ. ಇದರ ಮೇಲೆ ರಾಜ ಮೂರನೇ ಜಾರ್ಜ್ ಇದ್ದಾನೆ. 1797 ಅಂತ ಇಸವಿಯೂ ಇದೆ. ಆದರೆ ಇದು ಚಿನ್ನವಲ್ಲ, ಹಿತ್ತಾಳೆ. ಇಂಗ್ಲೆಂಡಿನ ಮನೆಗಳಲ್ಲಿ ಇಸ್ಪೀಟು ಆಡುವಾಗ ಪಣದ ಲೆಕ್ಕಕ್ಕೆ ಇಡುತ್ತಿದ್ದ ಬಿಲ್ಲೆ.

ಇದರ ಅಸಲಿ ರೂಪ 'ಸ್ಪೇಡ್ ಗಿನಿ'. 1787ರಿಂದ 1799ರವರೆಗೆ ಟಂಕಿಸಿದ, 21 ಶಿಲ್ಲಿಂಗ್ ಬೆಲೆಯ ಚಿನ್ನದ ನಾಣ್ಯ. ಗಿನಿ ಚಲಾವಣೆಯಿಂದ ಹೋದ ಮೇಲೂ ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಗಳು ಅದರ ಹಿತ್ತಾಳೆ ನಕಲನ್ನು ರಾಶಿರಾಶಿ ಹೊಡೆದವು. ಹಾಗಾಗಿ ಬಿಲ್ಲೆಯ ಮೇಲಿನ ಇಸವಿಯನ್ನು ನಂಬಬೇಡಿ. ಅಂಚಿನ ಬರಹ ಓದಿ. ಅಸಲಿಯಲ್ಲಿ ರಾಜನ ಬಿರುದುಗಳು ಲ್ಯಾಟಿನ್‌ನಲ್ಲಿವೆ. ಎಷ್ಟೋ ಬಿಲ್ಲೆಗಳಲ್ಲಿ ಅದೇ ಜಾಗದಲ್ಲಿ 'ಇನ್ ಮೆಮರಿ ಆಫ್ ದ ಗುಡ್ ಓಲ್ಡ್ ಡೇಸ್' ಅಂತಿದೆ. ಹಳೆಯ ಒಳ್ಳೆ ದಿನಗಳ ನೆನಪಿಗಂತೆ! ತಾನು ನಕಲಿ ಎಂದು ತಾನೇ ಹೇಳುತ್ತದೆ, ಅಲ್ವಾ?

(ತೆರೆಯ ಮೇಲೆ: ಕುದುರೆ ಸವಾರನಿರುವ ಬಿಲ್ಲೆ)

ನನಗೆ ಜಾಸ್ತಿ ಇಷ್ಟ ಇದು. 1837ರಲ್ಲಿ ವಿಕ್ಟೋರಿಯಾ ಬ್ರಿಟನ್ನಿನ ರಾಣಿಯಾದಳು. ಅಲ್ಲಿಯವರೆಗೆ ಜರ್ಮನಿಯ ಹ್ಯಾನೋವರ್‌ಗೂ ಬ್ರಿಟನ್ನಿಗೂ ಒಬ್ಬನೇ ರಾಜ. ಆದರೆ ಹ್ಯಾನೋವರ್ ನಿಯಮದಲ್ಲಿ ಗಂಡು ವಾರಸುದಾರ ಇರುವಾಗ ಹೆಣ್ಣಿಗೆ ಪಟ್ಟವಿಲ್ಲ. ಅಲ್ಲಿ ಅವಳ ಚಿಕ್ಕಪ್ಪ, ಕಂಬರ್ಲೆಂಡ್ ಡ್ಯೂಕ್ ಅರ್ನೆಸ್ಟ್ ಆಗಸ್ಟಸ್ ರಾಜನಾದ. ಬ್ರಿಟನ್ನಿನಲ್ಲಿ ಅವನನ್ನು ಕಂಡರೆ ಬಹಳ ಮಂದಿಗೆ ಆಗುತ್ತಿರಲಿಲ್ಲ. ಬಿಲ್ಲೆಯ ಒಂದು ಬದಿ ರಾಣಿ. ಇನ್ನೊಂದು ಬದಿ ಕಿರೀಟ ಹೊತ್ತ ಡ್ಯೂಕ್ ಕುದುರೆ ಓಡಿಸುತ್ತಿದ್ದಾನೆ, ಮೇಲೆ 'ಟು ಹ್ಯಾನೋವರ್'. ತೊಲಗಿದ ಮಾರಾಯ, ಅನ್ನುವ ಧಾಟಿ!

ಸವರನ್ ಅಂದರೆ ಬ್ರಿಟನ್ನಿನ ಚಿನ್ನದ ನಾಣ್ಯ. ಅದರಲ್ಲಿ ಸಂತ ಜಾರ್ಜ್ ಕುದುರೆ ಮೇಲೆ ಕೂತು ಡ್ರ್ಯಾಗನ್ ಕೊಲ್ಲುತ್ತಾನೆ. ಈ ಚಿತ್ರ ಅದರ ಅಣಕ. ಆತುರದಲ್ಲಿ ನೋಡಿದರೆ ಎರಡೂ ಒಂದೇ. ಕೆಲವರು ಇದನ್ನೇ ಸವರನ್ ಎಂದು ದಾಟಿಸಿ ಮೋಸ ಮಾಡಿದರು. 1883ರಲ್ಲಿ ನಾಣ್ಯದಂತೆ ಕಾಣುವ ಪದಕಗಳ ವಿರುದ್ಧ ಕಾನೂನೇ ಬಂತು.

ನಿಮ್ಮ ಕೈಗೆ ಒಂದು ಸಿಕ್ಕಿದರೆ ತಕ್ಕಡಿಗೆ ಹಾಕಿ. ಸವರನ್ 7.98 ಗ್ರಾಂ ತೂಗುತ್ತದೆ, ನಮ್ಮ ಕರಾವಳಿಯವರ ಒಂದು ಪವನ್ ಅಂದುಕೊಳ್ಳಿ. ಅಷ್ಟೇ ಗಾತ್ರದ ಹಿತ್ತಾಳೆ ಹೆಚ್ಚೆಂದರೆ ಅದರ ಅರ್ಧ ತೂಗೀತು.

ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ದಯವಿಟ್ಟು. ಹಳೆಯ ಮೈಬಣ್ಣ ಹೋದರೆ ಸಂಗ್ರಹಕಾರರು ಮುಟ್ಟುವುದಿಲ್ಲ. ತಯಾರಕನ ಹೆಸರೋ ಅಂಗಡಿಯ ಜಾಹೀರಾತೋ ಇರುವ ಬಿಲ್ಲೆ ಸಿಕ್ಕರೆ ಮಾತ್ರ ಬಿಡಬೇಡಿ. ಅದನ್ನು ಯಾರು, ಯಾವಾಗ ಹೊಡೆಸಿದರು ಎಂದು ಹುಡುಕಲು ಅದು ಒಳ್ಳೆಯ ಸುಳಿವು.