ಕಾರು ಬಿಟ್ಟು ಸ್ಟಿಕ್ಕರ್ ಕದ್ದರು! ಯಾಕೆ?

ನಮಸ್ಕಾರ. ಕುಂಬಳೆಯಿಂದ ಒಬ್ಬರು ಕೇಳಿದ್ದಾರೆ: "ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಭಾವನ ನಂಬರ್ ಪ್ಲೇಟಿನಿಂದ ಯಾರೋ ಸ್ಟಿಕ್ಕರ್ ಮಾತ್ರ ಕಿತ್ತುಕೊಂಡು ಹೋದರಂತೆ. ಇದೆಂಥ ಕಳ್ಳತನ ಮಾರಾಯ್ರೇ?"

ನಾವು ಹೊಸ ಕಾರಿಗೆ 15 ವರ್ಷದ ಟ್ಯಾಕ್ಸ್ ಒಟ್ಟಿಗೇ ಕಟ್ಟಿ ಆರಾಮಾಗಿರುತ್ತೇವೆ. ಅಲ್ಲಿ ವರ್ಷ ವರ್ಷ ರಿಜಿಸ್ಟ್ರೇಶನ್ ರಿನ್ಯೂ ಮಾಡಿಸಬೇಕು. ಮಾಡಿಸಿದರೆ ಇಸವಿ ಬರೆದ ಪುಟ್ಟ ಸ್ಟಿಕ್ಕರ್ ಕೊಡುತ್ತಾರೆ, ಹಿಂದಿನ ಪ್ಲೇಟಿನ ಮೂಲೆಗೆ ಅಂಟಿಸಬೇಕು. ಪ್ರತಿ ವರ್ಷ ಬಣ್ಣ ಬೇರೆ. ಹಳೇ ಬಣ್ಣ ಕಂಡರೆ ಪೊಲೀಸರು ಕೈ ತೋರಿಸುತ್ತಾರೆ.

ಸುಮ್ನೆ ಫೀಸ್ ಉಳಿಸಲು ಕದಿಯುತ್ತಾರೆ ಅಂದುಕೊಳ್ಳಬೇಡಿ. ರಿನ್ಯೂವಲ್‌ಗೆ ಇನ್ಶೂರೆನ್ಸ್ ಬೇಕು, ಹಳೇ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಿನವಕ್ಕೆ ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆಯೂ ಆಗಬೇಕು. ಅದರಲ್ಲಿ ಫೇಲಾದವನಿಗೆ ದುಡ್ಡಿದ್ದರೂ ಸ್ಟಿಕ್ಕರ್ ಸಿಗುವುದಿಲ್ಲ!

[ಸ್ಕ್ರೀನ್: ಪ್ಲೇಟಿನ ಮೂಲೆ, ಹತ್ತಿರದಿಂದ]

ನನಗೆ ಮಜಾ ಅನ್ನಿಸಿದ್ದು ಇದು. ಅಲ್ಲಿನವರು ಹೊಸ ಸ್ಟಿಕ್ಕರ್ ಅಂಟಿಸಿದ ಕೂಡಲೇ ಬ್ಲೇಡ್ ತಗೊಂಡು ಅದರ ಮೇಲೆ ಅಡ್ಡಡ್ಡ, ಉದ್ದುದ್ದ ಗೀರುತ್ತಾರೆ. ದುಡ್ಡು ಕೊಟ್ಟು ತಂದದ್ದನ್ನು ತಾವೇ ಕುಯ್ಯೋದು! ಕಳ್ಳ ಎಳೆದರೆ ಚೂರು ಚೂರಾಗಿ ಬರಲಿ ಅಂತ. ಕಳ್ಳನೇನು ದಡ್ಡನಾ? ಕತ್ತರಿ ತಂದು ಪ್ಲೇಟಿನ ಮೂಲೆಯನ್ನೇ ಕತ್ತರಿಸಿಕೊಂಡು ಹೋದದ್ದೂ ಉಂಟು. ಸ್ಟಿಕ್ಕರ್ ಹೋಯಿತು, ಈಗ ಪ್ಲೇಟೂ ಹೊಸದು ಬೇಕು.

ನಮ್ಮಲ್ಲಿ ಈ ಬ್ಲೇಡಿನ ಕೆಲಸ ಮೊದಲೇ ಆಗಿರುತ್ತದೆ. ತಲಪಾಡಿ ಟೋಲ್‌ನಲ್ಲಿ ಕ್ಯೂ ನಿಂತಾಗ ಪಕ್ಕದ ಕಾರು ನೋಡಿ, ಕೆಎಲ್ 14 ಆಗಲಿ ಕೆಎ 19 ಆಗಲಿ. 2019ರ ಏಪ್ರಿಲ್ ನಂತರದ್ದಾದರೆ ಮುಂದಿನ ಗಾಜಿನ ಒಳಗೆ ಹೊಲೊಗ್ರಾಮ್ ಇರುವ ಸ್ಟಿಕ್ಕರ್ ಇರಬೇಕು. ಪೆಟ್ರೋಲಿಗೆ ತಿಳಿ ನೀಲಿ, ಡೀಸೆಲಿಗೆ ಕಿತ್ತಳೆ. ಕೀಳಲು ಹೋದರೆ ಹಲಸಿನ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಅದರಲ್ಲಿ ಗಾಡಿ ನಂಬರೂ ಇರುವುದರಿಂದ ಕದ್ದವನಿಗೆ ಉಪಯೋಗವಿಲ್ಲ.

ಟೈಮ್ ಆಯ್ತು, ಉಳಿದದ್ದು ಬೇಗ ಬೇಗ. ನಕಲಿ ಸ್ಟಿಕ್ಕರ್? ಅದೂ ಇದೆ, ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿಬಿದ್ದರೆ 3 ವರ್ಷದವರೆಗೂ ಜೈಲಾಗಬಹುದು. ಪೊಲೀಸರು ನಂಬರ್ ಹೊಡೆದರೆ ಎಲ್ಲ ಕಂಪ್ಯೂಟರಿನಲ್ಲೇ ಕಾಣುತ್ತದೆ, ಮತ್ತೆ ಸ್ಟಿಕ್ಕರ್ ಯಾಕೆ? ಪೆನ್ಸಿಲ್ವೇನಿಯಾದವರು 2016ರ ಕೊನೆಗೆ ನಿಲ್ಲಿಸಿಯೇಬಿಟ್ಟರು. ಸರಿಯಾದ ಕೆಲಸ, ನನ್ನ ಪ್ರಕಾರ.

ಭಾವನಿಗೆ ಹೇಳಿ: ಪೊಲೀಸರಿಗೆ ದೂರು ಕೊಟ್ಟು, ಡಿಎಂವಿಯಲ್ಲಿ, ಅಂದರೆ ಅಲ್ಲಿನ ಆರ್‌ಟಿಒದಲ್ಲಿ, ಬದಲಿ ಸ್ಟಿಕ್ಕರಿಗೆ ಅರ್ಜಿ ಹಾಕಲಿ. ಅಂಟಿಸುವ ಮುಂಚೆ ಹಳೇದೆಲ್ಲ ಕೆರೆದು ತೆಗೆಯಲಿ, ಒಂದರ ಮೇಲೊಂದು ದಪ್ಪಗಿದ್ದರೆ ಕೀಳೋದು ಇನ್ನೂ ಸುಲಭ.