ಕೊನೇ ಗಳಿಗೆಯ ಬುಕ್ಕಿಂಗ್: ಅವಸರ ಯಾರದು?

[ದೃಶ್ಯ: ಸಂಜೆಯ ಸಂತೆ. ಟೊಮೆಟೊ ಗುಡ್ಡೆಗಳು. ವ್ಯಾಪಾರಿ ಗೋಣಿಚೀಲ ಮಡಚುತ್ತಿದ್ದಾನೆ.]

ಸಂಜೆ ಆರೂವರೆ, ಸಂತೆ ಮುಗೀತಾ ಬಂತು. ಬೆಳಗ್ಗೆ ಒಂದು ರೂಪಾಯಿನೂ ಇಳಿಯದೆ ಗಟ್ಟಿಯಾಗಿ ಕೂತಿದ್ದ ಅಣ್ಣ ಈಗ ತಾನೇ ಕರೀತಾನೆ: "ಬನ್ನಿ ಅಕ್ಕಾ, ಗುಡ್ಡೆ ಇಪ್ಪತ್ತು, ಎತ್ಕೊಂಡ್ಹೋಗಿ." ಉಳಿದಿದ್ದು ನಾಳೆಗೆ ಕೊಳೆಯುತ್ತೆ ಅಂತ ಅವನಿಗೆ ಗೊತ್ತು.

[ದೃಶ್ಯ: ರಾತ್ರಿಯ ಮೆಜೆಸ್ಟಿಕ್. ಆಟೋ ಸಾಲು.]

ಅದೇ ದಿನ ರಾತ್ರಿ ಹನ್ನೊಂದು, ಮೆಜೆಸ್ಟಿಕ್. ಬಸ್ ಇಳಿದಿದ್ದೀರಿ. ಕೈಯಲ್ಲಿ ಎರಡು ಬ್ಯಾಗು, ಹೆಗಲ ಮೇಲೆ ನಿದ್ದೆ ಹೋಗಿರೋ ಮಗು. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು ಅನ್ನೋದು ಸರ್ಕಾರಿ ರೇಟು. ಆಟೋದವರು ಕೇಳೋದು ಅದಕ್ಕೂ ಮೇಲೆ. ಗೊಣಗ್ತಾ ಕೊಡ್ತೀರಿ.

ಎರಡೂ ಕಡೆ ನೀವು ಹೋಗಿದ್ದು ತಡವಾಗಿಯೇ. ಸಂತೇಲಿ ಅವಸರ ಮಾರೋನದ್ದು, ಮೆಜೆಸ್ಟಿಕ್‌ನಲ್ಲಿ ನಿಮ್ಮದು. ಕೊನೇ ಗಳಿಗೇಲಿ ಬುಕ್ ಮಾಡಿದ್ರೆ ಟ್ರಿಪ್ ಅಗ್ಗ ಆಗುತ್ತಾ ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದಲು ನೋಡೋದು ಇದನ್ನೇ.

ಕೊನೇ ಗಳಿಗೇಲಿ ಅಗ್ಗ ಅನ್ನೋ ಮಾತು ಹೆಸರು ಮಾಡಿದ್ದು ಬ್ರಿಟನ್ನಿನಲ್ಲಿ. ಅಲ್ಲಿನ ಟೂರ್ ಕಂಪನಿಗಳು ಸ್ಪೇನ್, ಗ್ರೀಸ್ ಕಡಲತೀರಕ್ಕೆ ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿದು, ಹೋಟೆಲ್ ರೂಮುಗಳನ್ನೂ ಮುಂಚೆಯೇ ಹಿಡಿದು, ಎರಡನ್ನೂ ಸೇರಿಸಿ ಪ್ಯಾಕೇಜ್ ಮಾರ್ತಾ ಇದ್ವು. ಶನಿವಾರದ ವಿಮಾನ ಶನಿವಾರ ಹೊರಡಲೇಬೇಕು. ಹಾಗಾಗಿ ಗುರುವಾರಕ್ಕೆ ಉಳಿದ ಸೀಟು ಸಿಕ್ಕಿದ ಬೆಲೆಗೆ ಹೋಗೋದು. 1998ರಲ್ಲಿ ಶುರುವಾದ ಲಾಸ್ಟ್‌ಮಿನಿಟ್ ಡಾಟ್ ಕಾಮ್ ಅನ್ನೋ ವೆಬ್‌ಸೈಟ್ ಹೆಸರು ಇಟ್ಕೊಂಡಿದ್ದೇ ಇದರ ಮೇಲೆ. ಅಪ್ಪಟ ಸಂತೆ ಲೆಕ್ಕ.

ನಾವು ಬೆಂಗಳೂರಿಂದ ಗೋವಾಕ್ಕೆ ಹೋಗೋದು ಹಾಗಲ್ಲ. ಟಿಕೆಟ್ ಬೇರೆ, ರೂಮ್ ಬೇರೆ ತಗೊಳ್ತೀವಿ. ಟಿಕೆಟ್ ಕೊಡೋದು ವಿಮಾನ ಕಂಪನಿ.

[ದೃಶ್ಯ: ಬೋರ್ಡ್ ಮೇಲೆ ಒಂದು ವಿಮಾನ, ಬಣ್ಣಬಣ್ಣದ ಸೀಟುಗಳು.]

ಕೊನೇ ದಿನ ಖಾಲಿ ಸೀಟನ್ನ ವಿಮಾನದವರೂ ಗುಡ್ಡೆ ಹಾಕಿ ಮಾರಬಹುದಲ್ವಾ? ಒಂದ್ಸಲ ಹಾಗೆ ಮಾಡಿದ್ರೆ ಮುಂದಿನ ಸಲದಿಂದ ಎಲ್ಲರೂ ಕಾಯ್ತಾ ಕೂತ್ಕೊಳ್ತಾರೆ, ಮೊದಲು ಕೊಳ್ಳೋರೇ ಇರಲ್ಲ. ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥ ರಾಬರ್ಟ್ ಕ್ರಾಂಡಲ್ ಇದಕ್ಕೆ ಉಲ್ಟಾ ದಾರಿ ಹಿಡಿದ್ರು. 1985ರಲ್ಲಿ ಪೀಪಲ್ ಎಕ್ಸ್‌ಪ್ರೆಸ್ ಅನ್ನೋ ಅಗ್ಗದ ಕಂಪನಿ ಪೈಪೋಟಿಗೆ ಬಿದ್ದಾಗ, ಮುಂಚೆ ಕೊಳ್ಳೋರಿಗೆ ಮಾತ್ರ ಒಂದಿಷ್ಟು ಸೀಟು ಅಗ್ಗಕ್ಕೆ ಕೊಟ್ಟು, ಉಳಿದದ್ದನ್ನ ಕೊನೇಲಿ ಓಡಿ ಬರೋರಿಗೆ ದುಬಾರಿ ಬೆಲೆಗೆ ಇಟ್ಕೊಂಡ್ರು. 1987ರಲ್ಲಿ ಪೀಪಲ್ ಎಕ್ಸ್‌ಪ್ರೆಸ್ ಬೇರೆ ಕಂಪನಿಯಲ್ಲಿ ಸೇರಿಹೋಯ್ತು.

ಕೊನೇಲಿ ಓಡಿ ಬರೋರು ಯಾರು? ಕಂಪನಿ ದುಡ್ಡಲ್ಲಿ ಮೀಟಿಂಗ್‌ಗೆ ಹೋಗೋರು, ಊರಿಂದ ಸಾವಿನ ಸುದ್ದಿ ಬಂದೋರು. ನಾಳೆ ಬೆಳಗಿನ ಟಿಕೆಟ್ ಹುಡುಕೋ ನಿಮ್ಮನ್ನೂ ವಿಮಾನ ಕಂಪನಿಯ ಕಂಪ್ಯೂಟರ್ ಅದೇ ಸಾಲಿಗೆ ಸೇರಿಸುತ್ತೆ. ನೀವು ಬರೀ ಫೆನ್ನಿ ಕುಡಿಯೋಕೆ ಹೊರಟಿರೋದು ಅದಕ್ಕೇನು ಗೊತ್ತು! ವಿಮಾನಕ್ಕಂತೂ ಕಾಯಬೇಡಿ.

[ದೃಶ್ಯ: ರೈಲ್ವೆ ಪ್ಲಾಟ್‌ಫಾರ್ಮ್.]

ರೈಲು ತಮಾಷೆ. ಒಂದೇ ರೈಲಲ್ಲಿ ಮೆಜೆಸ್ಟಿಕ್ಕೂ ಇದೆ, ಸಂತೆನೂ ಇದೆ.

ಮಾಮೂಲಿ ಬುಕ್ಕಿಂಗ್ ತೆರೆಯೋದು 60 ದಿನ ಮುಂಚೆ. 2024ರ ನವೆಂಬರ್‌ಗಿಂತ ಮೊದಲು 120 ದಿನ ಇತ್ತು. ಮಾಮೂಲಿ ಬುಕ್ಕಿಂಗ್ ತಪ್ಪಿಸ್ಕೊಂಡ್ರೆ ತತ್ಕಾಲ್. ರೈಲು ಹೊರಡೋ ಹಿಂದಿನ ದಿನ ಎಸಿಗೆ ಬೆಳಗ್ಗೆ 10, ಸ್ಲೀಪರ್‌ಗೆ 11. ಆಧಾರ್ ಜೋಡಿಸದ ಖಾತೆಗೆ 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್ ಇಲ್ಲ. ಥರ್ಡ್ ಎಸಿಗೆ ತಲೆಗೆ 300ರಿಂದ 400 ರೂಪಾಯಿ ಹೆಚ್ಚು. ನಾಲ್ಕು ಜನರ ಸಂಸಾರ, ಹೋಗಿ ಬರೋಕೆ ಅಂದ್ರೆ ಏನಿಲ್ಲಾಂದ್ರೂ 2,400 ರೂಪಾಯಿ ಬರೀ ಅವಸರದ ಬಾಬ್ತು. ಕನ್‌ಫರ್ಮ್ ಆದ ತತ್ಕಾಲ್ ಟಿಕೆಟ್ ನೀವಾಗಿ ರದ್ದು ಮಾಡಿದ್ರೆ ಒಂದು ಪೈಸೆನೂ ವಾಪಸ್ ಬರಲ್ಲ.

ಈಗ ಸಂತೆ. ಚಾರ್ಟ್ ಆದಮೇಲೂ ಬರ್ತ್ ಖಾಲಿ ಉಳಿದ್ರೆ ಅದನ್ನ ಕರೆಂಟ್ ಬುಕ್ಕಿಂಗ್‌ನಲ್ಲಿ ಮಾರ್ತಾರೆ, ಮೂಲ ದರದಲ್ಲಿ ಶೇ 10 ರಿಯಾಯಿತಿ ಕೊಟ್ಟು. 2017ರಿಂದ ಇದೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಆದ್ರೆ ಗೌರಿ-ಗಣೇಶಕ್ಕೆ ಹುಬ್ಬಳ್ಳಿ ರೈಲಲ್ಲಿ ಖಾಲಿ ಬರ್ತ್ ಹುಡುಕೋದು ಅಂದ್ರೆ ಮೊಲದ ಕೊಂಬು ಹುಡುಕಿದ ಹಾಗೆ. ವಾರದ ನಡುವೆ ಹೊರಡೋ ಒಬ್ಬಂಟಿ ಪ್ರಯಾಣಿಕ ನೋಡಬಹುದು.

ಬಸ್ಸಿನದು ಎರಡೇ ಮಾತು. ಹಬ್ಬದ ಹಿಂದಿನ ರಾತ್ರಿ ಖಾಸಗಿ ಬಸ್ಸಿನ ದರ ನಿಮಗೇ ಗೊತ್ತು. ಕೆಎಸ್‌ಆರ್‌ಟಿಸಿಯಲ್ಲಿ ನಾಲ್ಕು ಅಥವಾ ಹೆಚ್ಚು ಜನ ಒಂದೇ ಟಿಕೆಟ್‌ನಲ್ಲಿ ಮುಂಗಡ ಮಾಡಿದ್ರೆ ಶೇ 5, ಹೋಗಿ-ಬರೋದು ಒಟ್ಟಿಗೆ ಮಾಡಿದ್ರೆ ಬರೋ ಟಿಕೆಟ್ ಮೇಲೆ ಶೇ 10 ಕಡಿಮೆ.

[ದೃಶ್ಯ: ಮಳೆ. ಸಕಲೇಶಪುರದ ಕಾಫಿ ತೋಟ, ಖಾಲಿ ಹೋಮ್‌ಸ್ಟೇ.]

ಕೊನೇ ಗಳಿಗೆ ನಿಜವಾಗಿ ಗೆಲ್ಲೋದು ಇಲ್ಲಿ. ಇವತ್ತು ರಾತ್ರಿ ಖಾಲಿ ಉಳಿದ ರೂಮಿಗೆ ನಾಳೆ ಬೆಲೆ ಇಲ್ಲ, ಟೊಮೆಟೊ ಥರಾನೇ. ಜುಲೈ ಮಂಗಳವಾರ, ಹೋಮ್‌ಸ್ಟೇ ಯಜಮಾನರಿಗೆ ನೇರ ಫೋನ್ ಮಾಡಿ, "ಇವತ್ತು ಬರ್ತೀವಿ, ಇಬ್ಬರು, ಎಷ್ಟಕ್ಕೆ ಕೊಡ್ತೀರಿ ಸಾರ್?" ಅಂತ ಕೇಳಿ. ಆ್ಯಪ್‌ನವರ ಕಮಿಷನ್ ಉಳಿಯೋದ್ರಿಂದ ಅವರಿಗೂ ಇಳಿಸೋಕೆ ಜಾಗ ಇರುತ್ತೆ. ಹಾಗಂತ ಅಗ್ಗ ಯಾಕೆ ಆಗಿದೆ ಅಂತನೂ ನೋಡಿ: ಆ ಮಳೇಲಿ ಶಿರಾಡಿ ಘಾಟಿ ಕುಸಿದು ರಸ್ತೆ ಬಂದ್ ಆಗಬಹುದು, ಮುರ್ಡೇಶ್ವರದಲ್ಲಿ ಕಡಲಿಗೆ ಇಳಿಯೋಕೆ ಬಿಡಲ್ಲ. ಅದೇ ರೂಮನ್ನ ಡಿಸೆಂಬರ್ ಕೊನೇ ವಾರ ಹೀಗೆ ಕೇಳಿದ್ರೆ ಯಜಮಾನರು ನಕ್ಕು ಫೋನ್ ಇಡ್ತಾರೆ. ಜಂಬೂಸವಾರಿ ಹಿಂದಿನ ದಿನ ಮೈಸೂರಲ್ಲೂ ಅಷ್ಟೇ.

[ದೃಶ್ಯ: ನಿರೂಪಕ ಕ್ಯಾಮೆರಾ ಎದುರು, ಕೈಯಲ್ಲಿ ಫೋನ್.]

ನಾನು ಮಾಡೋದು ಹೀಗೆ. ಟಿಕೆಟ್ ಬೇಗ. ರೂಮನ್ನೂ ಬೇಗ, ಆದ್ರೆ ಉಚಿತವಾಗಿ ರದ್ದು ಮಾಡೋ ಅವಕಾಶ ಇರೋದು ಮಾತ್ರ. ಆ ಗಡುವಿಗೆ ಒಂದು ದಿನ ಮುಂಚೆ ಫೋನಲ್ಲಿ ಅಲಾರಂ. ಆಗ ಮತ್ತೆ ಹುಡುಕ್ತೀನಿ. ಬೆಲೆ ಇಳಿದಿದ್ರೆ ಹೊಸದು ಹಿಡಿದು ಹಳೇದು ಬಿಡೋದು, ಏರಿದ್ರೆ ಸುಮ್ಮನಿರೋದು.

ಅಲಾರಂ ಯಾಕೆ ಅಂದ್ರೆ, ಒಂದ್ಸಲ ಎಂಟುನೂರು ರೂಪಾಯಿ ಉಳೀತು ಅನ್ನೋ ಖುಷೀಲಿ ಹಳೇ ರೂಮ್ ರದ್ದು ಮಾಡೋದೇ ಮರೆತು, ಎರಡಕ್ಕೂ ದುಡ್ಡು ಕಟ್ಟಿ ಬಂದೋನು ನಾನು.